ಪಿಸಿಓಎಸ್ ಇದ್ದವರು ಗರ್ಭಿಣಿಯಾದಾಗ ಹಾರ್ಮೋನು ಸಾಕಾಗುತ್ತದೆಯೇ?

ಪ್ರಶ್ನೆ: ನನಗೆ 29 ವರ್ಷ, ಬಹುಕಾಲದಿಂದ ಪಿಸಿಓಎಸ್, ಅಂದರೆ ಹಾರ್ಮೋನು ಏರುಪೇರಿನಿಂದ ಅಂಡಾಣು ಬಿಡುಗಡೆ ಕ್ರಮ ತಪ್ಪುವ ಸಮಸ್ಯೆ, ಇದೆ. ಈಗ 13 ವಾರಗಳ ಗರ್ಭಿಣಿ. ಗರ್ಭ ಉಳಿಯಲು ಬೇಕಾದ ಹಾರ್ಮೋನೆಂದು ಆರಂಭದಲ್ಲಿ ಕೊಟ್ಟಿದ್ದ ಪ್ರೊಜೆಸ್ಟರಾನ್ ಮಾತ್ರೆಯನ್ನು ವೈದ್ಯರು ನಿಲ್ಲಿಸಿದ್ದಾರೆ. ನನ್ನ ಅಂಡಾಶಯವೇ ಸರಿಯಿಲ್ಲದಿರುವಾಗ ಮಗುವಿಗೆ ಬೇಕಾದ ಹಾರ್ಮೋನು ಎಲ್ಲಿಂದ ಬರಬೇಕು? ನನ್ನಲ್ಲಿ ಹೆಚ್ಚಿರುವ ಗಂಡು ಹಾರ್ಮೋನಿನಿಂದ ಮಗುವಿಗೆ ತೊಂದರೆಯಾದೀತೇ?

ಉತ್ತರ: ಅಂಡಾಣು ಹೊರಬಿದ್ದ ಜಾಗದಲ್ಲಿ ರೂಪುಗೊಳ್ಳುವ ಕಾರ್ಪಸ್ ಲೂಟಿಯಮ್ ಎಂಬ ಪುಟ್ಟ ಗ್ರಂಥಿಯು, ಗರ್ಭ ನಿಂತಾಗ ಉತ್ಪತ್ತಿಯಾಗುವ ಎಚ್‌ಸಿಜಿ ಹಾರ್ಮೋನಿನ ಪ್ರಚೋದನೆಯಿಂದ ಮೊದಲ ಕೆಲವು ವಾರ ಪ್ರೊಜೆಸ್ಟರಾನ್ ಒದಗಿಸುತ್ತದೆ, ಸುಮಾರು 7ರಿಂದ 9ನೆಯ ವಾರದೊಳಗೆ ಆ ಹೊಣೆಯನ್ನು ಮಾಸು, ಅಂದರೆ ಪ್ಲಾಸೆಂಟಾ, ವಹಿಸಿಕೊಳ್ಳುತ್ತದೆ. ಪಿಸಿಓಎಸ್‌ನಲ್ಲಿ ಮುಖ್ಯವಾಗಿ ಎಡವುವುದು ಅಂಡಾಣು ಬಿಡುಗಡೆಯಾಗುವ ಹಂತ, ಅದನ್ನು ನೀವು ದಾಟಿ ಬಂದಿದ್ದೀರಿ. ಆದ್ದರಿಂದ ಈ ಹೊತ್ತಿನಲ್ಲಿ ಮಾತ್ರೆ ನಿಂತಿತೆಂದು ದಯವಿಟ್ಟು ಭಯಪಡಬೇಡಿ.

ಎರಡನೆಯ ಪ್ರಶ್ನೆಯಲ್ಲಿ ನಿಜಾಂಶವಿದೆ. ಪಿಸಿಓಎಸ್ ಇರುವ ಗರ್ಭಿಣಿಯರ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಸರಾಸರಿಯಲ್ಲಿ ಇತರರಿಗಿಂತ ಹೆಚ್ಚೇ ಇರುತ್ತದೆ. ಆದರೆ ಗರ್ಭಧಾರಣೆಯಲ್ಲಿ ಯಕೃತ್ತು ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಹಲವು ಪಟ್ಟು ಹೆಚ್ಚಾಗಿ ತಯಾರಿಸುವುದರಿಂದ ಆ ಟೆಸ್ಟೋಸ್ಟಿರಾನಿನ ಬಹುಭಾಗ ಅದಕ್ಕೆ ಅಂಟಿಕೊಂಡು ನಿಷ್ಕ್ರಿಯವಾಗಿ ಉಳಿಯುತ್ತದೆ. ಮಾಸಿನವರೆಗೆ ತಲುಪಿದ್ದನ್ನು ಅಲ್ಲಿನ ಅರೋಮಟೇಸ್ ಕಿಣ್ವವು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಹೀಗಾಗಿ ತಾಯಿಯ ಪಿಸಿಓಎಸ್‌ನಿಂದ ಹೆಣ್ಣು ಶಿಶುವಿನ ಜನನಾಂಗದ ರಚನೆ ವ್ಯತ್ಯಾಸವಾಗುವುದು ತೀರಾ ಅಪರೂಪ.

ನೀವು ಕೇಳದಿದ್ದರೂ ನಾನು ಒತ್ತಿ ಹೇಳಬೇಕಾದದ್ದು ಇನ್ಸುಲಿನ್ ವಿಚಾರ. ಮಾಸಿನ ಲ್ಯಾಕ್ಟೋಜೆನ್ ಮೊದಲಾದ ಹಾರ್ಮೋನುಗಳು ತಾಯಿಯ ದೇಹವನ್ನು ಇನ್ಸುಲಿನ್‌ಗೆ ಅಷ್ಟಾಗಿ ಸ್ಪಂದಿಸದಂತೆ ಮಾಡುತ್ತವೆ. ಮಗುವಿಗೆ ಸಕ್ಕರೆಯ ಪೂರೈಕೆ ತಪ್ಪದಿರಲೆಂದು ಎಲ್ಲ ಗರ್ಭಿಣಿಯರಲ್ಲೂ ನಡೆಯುವ ಈ ಬದಲಾವಣೆಯು, ಪಿಸಿಓಎಸ್ ಜೊತೆಗೆ ಸಾಮಾನ್ಯವಾಗಿ ಮೊದಲೇ ಇನ್ಸುಲಿನ್ ಪ್ರತಿರೋಧವಿರುವ ನಿಮ್ಮಂಥವರಲ್ಲಿ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಮೇಲೆ ಇಮ್ಮಡಿ ಭಾರ ಹೊರಿಸುತ್ತದೆ. ಗರ್ಭಾವಸ್ಥೆಯ ಮಧುಮೇಹವೂ ರಕ್ತದೊತ್ತಡದ ತೊಂದರೆಗಳೂ ಪಿಸಿಓಎಸ್ ಇದ್ದವರಲ್ಲಿ ಹೆಚ್ಚಾಗಿ ಕಾಣಿಸುವುದಕ್ಕೆ ಇದೊಂದು ಕಾರಣ. 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ರಕ್ತಪರೀಕ್ಷೆ ಇನ್ನೂ ಆಗಿಲ್ಲದಿದ್ದರೆ 20ನೆಯ ವಾರದೊಳಗೆ ಮಾಡಿಸಿ. ಅದು ಸಹಜವಾಗಿದ್ದರೂ 24ರಿಂದ 28ನೆಯ ವಾರದ ನಡುವೆ ಮತ್ತೊಮ್ಮೆ ಆಗಲೇಬೇಕು. ಪ್ರತಿ ಭೇಟಿಯಲ್ಲೂ ರಕ್ತದೊತ್ತಡ ನೋಡಿಸಿ. ಇನ್ಸುಲಿನ್ ಪ್ರತಿರೋಧಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾಸನ್ನು ದಾಟಿ ಮಗುವನ್ನು ತಲುಪುವ ಔಷಧಿಯಾದ್ದರಿಂದ ಅದನ್ನು ನೀವಾಗಿಯೇ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಬೇಡ.

ಧ್ವನಿ ಗಡುಸಾಗತೊಡಗಿದರೆ ಅಥವಾ ಮುಖದ ಕೂದಲು ಕೆಲವೇ ವಾರಗಳಲ್ಲಿ ಎದ್ದು ಕಾಣುವಷ್ಟು ಬೆಳೆದರೆ, ಪಿಸಿಓಎಸ್‌ನದೇ ಇರಬೇಕೆಂದು ಸುಮ್ಮನಿರದೆ ಮುಂದಿನ ತಪಾಸಣೆಗೆ ಕಾಯದೆ ವೈದ್ಯರನ್ನು ಕಾಣಿ. ಅಂಡಾಶಯದಲ್ಲಿ ಬೇರೆ ಗಡ್ಡೆಯೇನಾದರೂ ಬೆಳೆಯುತ್ತಿದೆಯೇ ಎಂದು ಅವರು ಸ್ಕ್ಯಾನ್ ಮಾಡಿ ನೋಡಬೇಕಾಗುತ್ತದೆ.