ಡಿ.ವಿ.ಆರ್.ನ ಅಲಾರಂ ಔಟ್‌ಗೆ ಜೋಡಿಸಿದ ಎಲ್.ಇ.ಡಿ. ಹೊತ್ತದಿರುವುದೇಕೆ? ಸೂಚಕ ದೀಪವನ್ನು ಜೋಡಿಸುವ ಸರಿಯಾದ ಕ್ರಮ ಯಾವುದು?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಮೂಡಿಗೆರೆಯ ಹತ್ತಿರದ ನಿಮ್ಮ ತೋಟದಲ್ಲಿ ಡಿ.ವಿ.ಆರ್. (ಕ್ಯಾಮೆರಾಗಳ ಚಿತ್ರವನ್ನು ದಾಖಲಿಸಿಡುವ ಪೆಟ್ಟಿಗೆ) ಇರುವುದು ತೋಟದ ಲೆಕ್ಕಪತ್ರ ನೋಡುವ ರೈಟರ್ ಕೂರುವ ಆಫೀಸಿನಲ್ಲಿ, ಮನೆ ಅಲ್ಲಿಂದ ಸುಮಾರು 80 ಮೀಟರ್ ದೂರದಲ್ಲಿ. ರಾತ್ರಿ ಕಾಫಿ ಗೋದಾಮಿನ ಬಾಗಿಲನ್ನು ಯಾರಾದರೂ ತೆರೆದರೆ ಮನೆಯೊಳಗೆ ಕೆಂಪು ದೀಪ ಹೊತ್ತಿ ಬಜರ್ ಕೂಗಬೇಕು. ಅದಕ್ಕಾಗಿ ಹಿಂಬದಿಯಲ್ಲಿರುವ ಅಲಾರಂ ಔಟ್ ತುದಿಗಳಿಗೆ ಒಂದು ಎಲ್.ಇ.ಡಿ.ಯನ್ನು ನೇರವಾಗಿ ಸಿಕ್ಕಿಸಿ ನೋಡಿದಿರಿ, ಅದು ಹೊತ್ತಲಿಲ್ಲ, ಆದ್ದರಿಂದ ಡಿ.ವಿ.ಆರ್. ಕೆಟ್ಟಿದೆಯೇ ಎಂದು ಕೇಳಿದ್ದೀರಿ.

ಬಹುಮಟ್ಟಿಗೆ ಕೆಟ್ಟಿರಲಾರದು. ಆ ಎರಡು ತುದಿಗಳಿಂದ ವಿದ್ಯುತ್ ಹೊರಗೆ ಬರುವುದೇ ಇಲ್ಲ. ಅವುಗಳ ಹಿಂದೆ ಇರುವುದು ಒಂದು ಪುಟ್ಟ ರಿಲೇಯ, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚಿನ, ಸಂಪರ್ಕ ಮಾತ್ರ. ಅಲಾರಂ ಬಂದಾಗ ಅದು ಗೋಡೆಯ ಮೇಲಿನ ಸ್ವಿಚ್ಚಿನಂತೆ ಎರಡು ತುದಿಗಳನ್ನು ಕೂಡಿಸುತ್ತದೆ, ನಿಗದಿಯಾದ ಸಮಯ ಕಳೆದ ಮೇಲೆ ಬಿಡಿಸುತ್ತದೆ. ದೀಪಕ್ಕೆ ಬೇಕಾದ ವಿದ್ಯುತ್ತನ್ನು ನೀವೇ ಬೇರೆ ಕಡೆಯಿಂದ ತರಬೇಕು. ಇದನ್ನು ಖಚಿತಪಡಿಸಿಕೊಳ್ಳಲು ಎಲ್.ಇ.ಡಿ.ಯನ್ನು ತೆಗೆದು, ಮಲ್ಟಿಮೀಟರನ್ನು ಕಂಟಿನ್ಯುಟಿಯಲ್ಲಿಟ್ಟು (ಎರಡು ತುದಿ ಕೂಡಿದ್ದರೆ ಕೂಗುವ ಸ್ಥಾನ) ಆ ತುದಿಗಳಿಗೆ ಹಿಡಿಯಿರಿ, ನಂತರ ಮೆನುವಿನಲ್ಲಿ ಅಲಾರಂ ಔಟ್‌ಪುಟ್ ಎಂಬಲ್ಲಿ ಸಾಮಾನ್ಯವಾಗಿ ಇರುವ ಮ್ಯಾನುವಲ್ ಟ್ರಿಗರ್ ಒತ್ತಿರಿ. ಮೀಟರ್ ಕೂಗಿದರೆ ಡಿ.ವಿ.ಆರ್. ಸರಿಯಾಗಿಯೇ ಇದೆ.

ದೀಪವನ್ನು ಆಫೀಸಿನೊಳಗೇ ಇಡುವುದಾಗಿದ್ದರೆ ಉತ್ತರ ಇಲ್ಲಿಗೇ ಮುಗಿಯುತ್ತಿತ್ತು. 12 ವೋಲ್ಟಿನ ಅಡಾಪ್ಟರಿನ ಪಾಸಿಟಿವ್ ತಂತಿಯನ್ನು 500 ಮಿಲಿಆಂಪಿಯರ್ ಫ್ಯೂಸಿನ ಮೂಲಕ ಅಲಾರಂ ಔಟ್‌ನ ಒಂದು ತುದಿಗೆ ತಂದು, ಇನ್ನೊಂದು ತುದಿಯಿಂದ 1000 ಓಮ್ ರೆಸಿಸ್ಟರ್ ಮತ್ತು ಎಲ್.ಇ.ಡಿ. ಮೂಲಕ ನೆಗೆಟಿವ್‌ಗೆ ಹಿಂದಿರುಗಿಸಿದರೆ ಸಾಕು. ಕೆಂಪು ಎಲ್.ಇ.ಡಿ. ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ 10 ವೋಲ್ಟ್ 1000 ಓಮ್‌ನ ಮೇಲೆ ಬಿದ್ದು 10 ಮಿಲಿಆಂಪಿಯರ್ ಹರಿಯುತ್ತದೆ. ಕಾಲು ವ್ಯಾಟಿನ, ಕಂದು-ಕಪ್ಪು-ಕೆಂಪು ಪಟ್ಟೆಯ ರೆಸಿಸ್ಟರ್ ಇದಕ್ಕೆ ಧಾರಾಳವಾಯಿತು. ಅಂಗಡಿಗಳಲ್ಲಿ 12 ವೋಲ್ಟಿನ ಇಂಡಿಕೇಟರ್ ಎಂದೇ ಕೊಡುವ ದೀಪಕ್ಕೆ ಒಳಗೇ ರೆಸಿಸ್ಟರ್ ಇರುವುದರಿಂದ ಮತ್ತೊಂದು ಬೇಡ.

ನಿಮ್ಮ ಸಮಸ್ಯೆ ಆ 80 ಮೀಟರ್. ಚಿಕ್ಕಮಗಳೂರು ಸುತ್ತಮುತ್ತ ಕ್ಯಾಮೆರಾ ಅಳವಡಿಸುವ ಕೆಲಸದಲ್ಲಿರುವ ನಾನು ಕಂಡಂತೆ, ಏಪ್ರಿಲ್ ಮತ್ತು ಮೇ ತಿಂಗಳ ಗುಡುಗುಮಳೆಯಲ್ಲಿ ಮೊದಲು ಹೋಗುವುದು ಎರಡು ಕಟ್ಟಡಗಳ ನಡುವೆ ಎಳೆದ ತಂತಿಗೆ ನೇರವಾಗಿ ಕೂಡಿಕೊಂಡ ಉಪಕರಣಗಳೇ. ಹಾಗಾಗಿ ಮನೆಗೆ ಹೋಗುವ ತಂತಿಯನ್ನು ಡಿ.ವಿ.ಆರ್.ಗೆ ತಾಕಿಸಲೇಬೇಡಿ, ನಡುವೆ ಇನ್ನೊಂದು ರಿಲೇ ಇಡಿ. 12 ವೋಲ್ಟ್ ಕಾಯಿಲ್ (ರಿಲೇಯನ್ನು ನಡೆಸುವ ತಂತಿಸುರುಳಿ) ಇರುವ, ಸಂಪರ್ಕಗಳಲ್ಲಿ ಕಾಂ (ಸಾಮಾನ್ಯ ತುದಿ), ಎನ್.ಒ. (ಕಾಯಿಲ್‌ಗೆ ವಿದ್ಯುತ್ ಬಂದಾಗ ಮಾತ್ರ ಕಾಂಗೆ ಕೂಡುವ ತುದಿ) ಮತ್ತು ಎನ್.ಸಿ. (ವಿದ್ಯುತ್ ಇಲ್ಲದಾಗ ಕಾಂಗೆ ಕೂಡಿರುವ ತುದಿ) ಮೂರೂ ಇರುವ ಸಾಮಾನ್ಯ ಚೌಕದ ರಿಲೇ ಸಾಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದ ತಕ್ಷಣ ಕೊಡುತ್ತಾರೆ, ಆನ್‌ಲೈನಿನಲ್ಲಿಯೂ ತರಿಸಬಹುದು. ಮೇಲಿನ ಜೋಡಣೆಯಲ್ಲಿ ರೆಸಿಸ್ಟರ್ ಮತ್ತು ಎಲ್.ಇ.ಡಿ. ಇದ್ದ ಜಾಗದಲ್ಲಿ ಅದರ ಕಾಯಿಲ್ ಬರಲಿ. ಕಾಯಿಲ್ ಸುಮಾರು 400 ಓಮ್ ಇರುವುದರಿಂದ 30 ಮಿಲಿಆಂಪಿಯರ್ ಮಾತ್ರ ಎಳೆಯುತ್ತದೆ, ಇದು ಡಿ.ವಿ.ಆರ್.ನ ಸಂಪರ್ಕಕ್ಕೆ ಭಾರವೇ ಅಲ್ಲ. ಕಾಯಿಲ್‌ನ ಎರಡು ತುದಿಗಳಿಗೆ ಅಡ್ಡಲಾಗಿ ಒಂದು 1ಎನ್4007 ಡಯೋಡನ್ನು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಬೆಳ್ಳಿ ಪಟ್ಟಿ ಪಾಸಿಟಿವ್ ಕಡೆಗೆ ಬರುವಂತೆ ಸೇರಿಸಿ. ಕಾಯಿಲ್‌ಗೆ ಹರಿಯುತ್ತಿದ್ದ ವಿದ್ಯುತ್ ತಟ್ಟನೆ ನಿಂತಾಗ ಹುಟ್ಟುವ ಹೆಚ್ಚಿನ ವೋಲ್ಟೇಜು ಡಿ.ವಿ.ಆರ್.ನ ಸಂಪರ್ಕವನ್ನು ಸುಡದಂತೆ ಅದು ಕಾಯುತ್ತದೆ. ಡಯೋಡನ್ನು ತಿರುಗಿಸಿ ಹಾಕಿದರೆ ಮೊದಲ ಅಲಾರಂಗೇ ಫ್ಯೂಸ್ ಹೋಗುತ್ತದೆ. ಫ್ಯೂಸ್ ಹಾಕಲು ಹೇಳಿದ್ದರ ಕಾರಣಗಳಲ್ಲಿ ಇದೂ ಒಂದು.

ಇನ್ನು ನಾನು ಮುಖ್ಯವೆಂದು ಭಾವಿಸುವ ವಿಷಯಕ್ಕೆ ಬರುತ್ತೇನೆ. ನೀವು ಕೇಳಿರುವುದು ಒಂದೇ ಒಂದು ಕೆಂಪು ದೀಪ. ಅದು ಆರಿರುವಾಗ ಗೋದಾಮು ಕ್ಷೇಮವಾಗಿದೆಯೋ, ಅಡಾಪ್ಟರ್ ಸುಟ್ಟಿದೆಯೋ, ಹಂದಿ ಅಗೆದು ತಂತಿ ತುಂಡಾಗಿದೆಯೋ, ಯಾರಾದರೂ ಡಿ.ವಿ.ಆರ್.ನ ಪ್ಲಗ್ಗನ್ನೇ ಕಿತ್ತಿದ್ದಾರೋ ಎಂಬುದು ಮನೆಯಲ್ಲಿ ಮಲಗಿರುವವರಿಗೆ ತಿಳಿಯುವುದಿಲ್ಲ. ಜೊತೆಗೆ ಒಂದು ಹಸಿರು ದೀಪ ಇಲ್ಲದ ಸೂಚಕವನ್ನು ಮಾಡಿಕೊಡಲು ನಾನು ಒಪ್ಪುವುದಿಲ್ಲ. ಅಡಾಪ್ಟರಿನ ಪಾಸಿಟಿವ್ ಅನ್ನು ಹೊಸ ರಿಲೇಯ ಕಾಂಗೆ ಕೊಡಿ, ಎನ್.ಒ.ಯಿಂದ ಕೆಂಪು ದೀಪ ಮತ್ತು ಬಜರ್‌ಗೆ, ಎನ್.ಸಿ.ಯಿಂದ ಹಸಿರು ದೀಪಕ್ಕೆ ತಂತಿ ಹೋಗಲಿ; ಮನೆಯಿಂದ ನೆಗೆಟಿವ್ ಆಗಿ ಒಂದೇ ತಂತಿ ಹಿಂದಿರುಗಿದರೆ ಸಾಕು. ಹಸಿರು ದೀಪಕ್ಕೂ ಅದರದೇ 1000 ಓಮ್ ಬೇಕು, ಎರಡು ದೀಪಕ್ಕೂ ಒಂದೇ ರೆಸಿಸ್ಟರ್ ಹಾಕಿ ಉಳಿತಾಯ ಮಾಡಬೇಡಿ.

ಇಷ್ಟಾದರೂ ಹಸಿರು ದೀಪವು ಅಡಾಪ್ಟರ್ ಮತ್ತು ತಂತಿಗಳ ಸುದ್ದಿಯನ್ನು ಹೇಳುತ್ತದೆಯೇ ಹೊರತು ಡಿ.ವಿ.ಆರ್.ನದನ್ನಲ್ಲ. ಅದಕ್ಕಾಗಿ 5 ವೋಲ್ಟ್ ಕಾಯಿಲ್‌ನ ಇನ್ನೊಂದು ರಿಲೇಯನ್ನು, ಹಳೆಯ ಯು.ಎಸ್.ಬಿ. ಕೇಬಲ್ ಕತ್ತರಿಸಿ, ಅದರ ಕೆಂಪು ಮತ್ತು ಕಪ್ಪು ತಂತಿಗಳಿಂದ ಡಿ.ವಿ.ಆರ್.ನಲ್ಲಿ ಮೌಸ್ ಬಿಟ್ಟು ಉಳಿದಿರುವ ಯು.ಎಸ್.ಬಿ. ಕಿಂಡಿಗೆ ಸೇರಿಸಿ. ತಂತಿಯ ಬಣ್ಣವನ್ನು ನಂಬದೆ ಮೀಟರಿನಲ್ಲಿ 5 ವೋಲ್ಟ್ ನೋಡಿಕೊಂಡೇ ಸೇರಿಸುವುದು ಒಳ್ಳೆಯದು. ಈ ರಿಲೇ ಎಳೆಯುವುದು ಸುಮಾರು 70 ಮಿಲಿಆಂಪಿಯರ್, ಯು.ಎಸ್.ಬಿ. ಕಿಂಡಿ ಸಾಮಾನ್ಯವಾಗಿ 500ರವರೆಗೆ ಕೊಡಬಲ್ಲದು. ಇದರ ಕಾಯಿಲ್‌ಗೂ ಡಯೋಡ್ ಬೇಕು. ಹಸಿರು ದೀಪದ ತಂತಿಯನ್ನು ಈ ರಿಲೇಯ ಕಾಂ ಮತ್ತು ಎನ್.ಒ. ಮೂಲಕ ಹಾಯಿಸಿದರೆ, ಡಿ.ವಿ.ಆರ್.ಗೆ ಕರೆಂಟು ಇರುವವರೆಗೆ ಮಾತ್ರ ಹಸಿರು ಉರಿಯುತ್ತದೆ. 5 ವೋಲ್ಟಿನ ತಂತಿಯೂ 12 ವೋಲ್ಟಿನ ತಂತಿಯೂ ಎಲ್ಲಿಯೂ ಕೂಡದಂತೆ ಎಚ್ಚರ ವಹಿಸಿ. ಹೀಗೆ ಮಾಡಿದಾಗ ಹಸಿರಿದ್ದರೆ ನಿಶ್ಚಿಂತೆ, ಕೆಂಪಾದರೆ ಗೋದಾಮು, ಎರಡೂ ಆರಿದರೆ ಟಾರ್ಚ್ ಹಿಡಿದು ಆಫೀಸಿಗೆ ಹೋಗಬೇಕು ಎಂದು ಮನೆಯವರಿಗೆಲ್ಲ ಒಂದೇ ಮಾತಿನಲ್ಲಿ ಹೇಳಿಕೊಡಬಹುದು. ಡಿ.ವಿ.ಆರ್. ಹ್ಯಾಂಗ್ ಆದರೆ ಮಾತ್ರ ಈ ಉಪಾಯಕ್ಕೆ ಗೊತ್ತಾಗುವುದಿಲ್ಲ. ಹಾರ್ಡ್ ಡಿಸ್ಕ್ ದೋಷ ಮತ್ತು ಕ್ಯಾಮೆರಾದ ಚಿತ್ರ ನಿಂತುಹೋಗುವುದನ್ನು ಮೆನುವಿನ ಎಕ್ಸೆಪ್ಶನ್ ಭಾಗದಲ್ಲಿ ಅಲಾರಂ ಔಟ್‌ಗೆ ಸೇರಿಸಿದರೆ ಆ ದೋಷಗಳಾದರೂ ತಿಳಿಯುತ್ತವೆ.

ತಂತಿಯಾಗಿ ನೆಟ್‌ವರ್ಕ್ ಕೇಬಲ್ ಬಳಸಬಹುದು, ಆದರೆ ಅಪ್ಪಟ ತಾಮ್ರದ್ದೇ ಆಗಿರಲಿ. ಅದರ ಒಂದೊಂದು ಎಳೆಗೆ 100 ಮೀಟರಿಗೆ 8ರಿಂದ 9 ಓಮ್ ರೋಧವಿರುತ್ತದೆ, ಆದ್ದರಿಂದ 80 ಮೀಟರ್ ಹೋಗಿ ಬರುವಷ್ಟಕ್ಕೆ ಸುಮಾರು 13 ಓಮ್ ಆಗುತ್ತದೆ. ದೀಪ ಮತ್ತು ಪೀಜೋ ಬಜರ್ ಸೇರಿ 40 ಮಿಲಿಆಂಪಿಯರ್ ಎಳೆದರೂ ದಾರಿಯಲ್ಲಿ ಕಳೆದುಹೋಗುವುದು ಅರ್ಧ ವೋಲ್ಟ್ ಮಾತ್ರ. ಅದೇ ಎಳೆಗೆ ಅರ್ಧ ಆಂಪಿಯರಿನ ಸೈರನ್ ಹಾಕಿದರೆ ಆರೂವರೆ ವೋಲ್ಟ್ ದಾರಿಯಲ್ಲೇ ಹೋಗಿ ಸೈರನ್ ನರಳುತ್ತದೆ. ಅಲ್ಯೂಮಿನಿಯಂ ಮೇಲೆ ತಾಮ್ರ ಬಳಿದ ಅಗ್ಗದ ಕೇಬಲ್‌ನಲ್ಲಿ ರೋಧ ಇನ್ನೂ ಹೆಚ್ಚು, ಮಲೆನಾಡಿನ ತೇವಕ್ಕೆ ಅದರ ತುದಿಗಳು ಬೇಗ ಸವೆದೂ ಹೋಗುತ್ತವೆ. ಕೇಬಲನ್ನು ಸಿಲ್ವರ್ ಓಕ್ ಮರಗಳ ಮೇಲೆ ಎಳೆಯುವುದಕ್ಕಿಂತ ಪಿ.ವಿ.ಸಿ. ಪೈಪಿನೊಳಗೆ ನೆಲದಲ್ಲಿ ಹೂಳುವುದು ಮೇಲು, ಮತ್ತು ಸಿಡಿಲಿನ ಸಂಜೆಗಳಲ್ಲಿ ಕಿತ್ತಿಡಲು ಅನುಕೂಲವಾಗುವಂತೆ ಆಫೀಸಿನ ಕಡೆ ಒಂದು ಪ್ಲಗ್ ಇರಲಿ. ರಿಲೇ ಇದ್ದರೂ ಹತ್ತಿರಕ್ಕೇ ಹೊಡೆದ ಸಿಡಿಲನ್ನು ಅದು ತಡೆಯಲಾರದು.

ಗೋದಾಮಿನ ಬಾಗಿಲು ತೆರೆದದ್ದನ್ನು ಡಿ.ವಿ.ಆರ್. ತಿಳಿಯುವುದು ಹೇಗೆ ಎಂಬುದನ್ನು ನೀವು ಬರೆದಿಲ್ಲ. ಕ್ಯಾಮೆರಾದ ಮೋಷನ್ ಡಿಟೆಕ್ಷನ್ ಅನ್ನು ನಂಬಿದ್ದರೆ ಬಿಟ್ಟುಬಿಡಿ ಎನ್ನುತ್ತೇನೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಮುತ್ತುವ ಹುಳುಗಳು, ಅದರ ಮುಂದೆಯೇ ಬಲೆ ನೇಯುವ ಜೇಡ, ಮಂಜು, ಕಣದಲ್ಲಿ ಕಾಫಿಯ ಮೇಲೆ ಹೊದಿಸಿದ ಟಾರ್ಪಾಲಿನ ಅಂಚು ಇವೆಲ್ಲವೂ ಅದಕ್ಕೆ ಚಲನೆಯೇ. ಹೀಗಾದರೆ ವಾರದೊಳಗೆ ಮನೆಯವರೇ ಬಜರಿನ ತಂತಿ ಕೀಳುತ್ತಾರೆ. ಬಾಗಿಲಿಗೆ ಆಯಸ್ಕಾಂತದ ಡೋರ್ ಸೆನ್ಸರ್ ಹಾಕಿ, ಅದರ ಎರಡು ತಂತಿಗಳನ್ನು ಅಲಾರಂ ಇನ್ 1 ಮತ್ತು ಜಿ ಎಂದು ಗುರುತಿಸಿದ ತುದಿಗಳಿಗೆ ಸೇರಿಸಿ. ರೋಲಿಂಗ್ ಶಟರ್ ಆಗಿದ್ದರೆ ಅದಕ್ಕೆಂದೇ ಬರುವ ದಪ್ಪ ಸೆನ್ಸರ್ ಕೇಳಿ. ಬಾಗಿಲು ಮುಚ್ಚಿದಾಗ ಸಂಪರ್ಕ ಕೂಡಿಕೊಳ್ಳುವ ಸೆನ್ಸರ್ ಆಯ್ದು, ಮೆನುವಿನಲ್ಲಿ ಅಲಾರಂ ಇನ್‌ಪುಟ್‌ನ ಬಗೆಯನ್ನು ಎನ್.ಸಿ. ಎಂದು ಇಟ್ಟರೆ, ಬಾಗಿಲು ತೆರೆದರೂ ತಂತಿ ಕತ್ತರಿಸಿದರೂ ಅಲಾರಂ ಬರುತ್ತದೆ. ಈ ಇನ್‌ಪುಟ್‌ಗೆ ಹೊರಗಿನಿಂದ ಯಾವ ವೋಲ್ಟೇಜನ್ನೂ ಕೊಡಬಾರದು.

ಮನೆಯಂಗಳದಲ್ಲಿ ದೊಡ್ಡ 230 ವೋಲ್ಟಿನ ಹೂಟರ್ ಅಥವಾ ಫ್ಲಡ್ ಲೈಟ್ ಬೇಕೆಂದು ಆಮೇಲೆ ಅನ್ನಿಸಬಹುದು. ಅದನ್ನು ಡಿ.ವಿ.ಆರ್.ನ ತುದಿಗಳಿಗೆ ಯಾವ ಕಾರಣಕ್ಕೂ ಕೊಡಬೇಡಿ. ಆ ಕೆಲಸಕ್ಕೆ ಪ್ರತ್ಯೇಕ ಪೆಟ್ಟಿಗೆಯಲ್ಲಿ ತಕ್ಕ ಸಾಮರ್ಥ್ಯದ ರಿಲೇ ಇರಲಿ, ಅದರ ಜೋಡಣೆಯನ್ನು ಪರವಾನಗಿ ಇರುವ ವೈರ್‌ಮನ್ ಮಾಡಲಿ.

ಅಡಾಪ್ಟರ್ ಕ್ಯಾಮೆರಾಗಳದಕ್ಕಿಂತ ಬೇರೆಯಾಗಿರಲಿ, ಆದರೆ ಡಿ.ವಿ.ಆರ್., ಕ್ಯಾಮೆರಾ ಮತ್ತು ಈ ಅಡಾಪ್ಟರ್ ಮೂರೂ ಒಂದೇ ಯು.ಪಿ.ಎಸ್. ಮೇಲಿರಬೇಕು, ಮಳೆಗಾಲದ ನಮ್ಮ ಕರೆಂಟಿನ ಪರಿಸ್ಥಿತಿ ನಿಮಗೂ ಗೊತ್ತೇ ಇದೆ. ಎಲ್ಲವೂ ಸೇರಿದ ಮೇಲೆ ಮೆನುವಿನಲ್ಲಿ ಅಲಾರಂ ಇನ್ 1ರ ಲಿಂಕೇಜ್ ಭಾಗಕ್ಕೆ ಹೋಗಿ ಅಲಾರಂ ಔಟ್ 1 ಅನ್ನು ಆರಿಸಿ, ವೇಳಾಪಟ್ಟಿಯನ್ನು ಕೆಲಸದವರು ಹೊರಟ ಮೇಲಿನ ಹೊತ್ತಿಗೆ ಹೊಂದಿಸಿ, ದೀಪ ಎಷ್ಟು ಹೊತ್ತು ಉರಿಯಬೇಕೆಂಬುದನ್ನು 30 ಸೆಕೆಂಡಿಗಿಂತ ಕಡಿಮೆ ಇಡಬೇಡಿ. ನಂತರ ಒಬ್ಬರನ್ನು ಮನೆಯಲ್ಲಿ ನಿಲ್ಲಿಸಿ ಮೂರು ಪರೀಕ್ಷೆ ಮಾಡಿ: ಬಾಗಿಲು ತೆರೆಯಿರಿ, ಸೆನ್ಸರಿನ ಒಂದು ತಂತಿ ಬಿಡಿಸಿ, ಡಿ.ವಿ.ಆರ್.ನ ಪ್ಲಗ್ ಕೀಳಿ. ಮೊದಲೆರಡಕ್ಕೆ ಕೆಂಪು ಹೊತ್ತಬೇಕು, ಮೂರನೆಯದಕ್ಕೆ ಹಸಿರು ಆರಬೇಕು. ಹಾಗಾಗದಿದ್ದರೆ ಡಿ.ವಿ.ಆರ್.ನ ಮಾದರಿ ಸಂಖ್ಯೆಯನ್ನೂ ಹಿಂಬದಿಯ ತುದಿಗಳ ಮೇಲೆ ಅಚ್ಚಾಗಿರುವ ಗುರುತುಗಳನ್ನೂ ಬರೆದು ತಿಳಿಸಿ, ನೋಡಿ ಹೇಳುತ್ತೇನೆ.