ಬ್ಲೇಡಿನಿಂದ ಕೆರೆಯಬೇಡಿ

ದಾವಣಗೆರೆಯ ನಿಮ್ಮ ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಐಪ್ಟೇಸಿಯಾ (ಕಲ್ಲಿಗೆ ಅಂಟಿ ಕಳೆಯಂತೆ ಹಬ್ಬುವ ಪುಟ್ಟ ಸೀ ಅನಿಮೋನ್ ಎಂಬ ಕಡಲ ಜೀವಿ) ಹಬ್ಬಿದೆ, ಬ್ಲೇಡಿನಿಂದ ಕೆರೆದು ತೆಗೆಯಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ! ಬುಡದ ಒಂದು ಚೂರು ಕಲ್ಲಿಗೆ ಅಂಟಿ ಉಳಿದರೂ ಅದೇ ಹೊಸ ಜೀವಿಯಾಗಿ ಬೆಳೆಯುತ್ತದೆ. ನಾನೂ ಕೆರೆದು ಸಂಕಟಪಟ್ಟವನೇ.

ಅದನ್ನು ಕೊಲ್ಲಲು ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿಯನ್ನು ಆರ್‌ಒ ನೀರಿನಲ್ಲಿ ಗಟ್ಟಿಯಾಗಿ ಕಲಸಿಕೊಳ್ಳಿ (ಎಲೆ ಅಡಿಕೆಯ ಸುಣ್ಣ ಬೇಡ). ಪಂಪ್ ನಿಲ್ಲಿಸಿ, ಸಿರಿಂಜಿನಿಂದ ಐಪ್ಟೇಸಿಯಾದ ಬಾಯಿಯ ಮೇಲೆ ನಿಧಾನವಾಗಿ ಬಿಡಿ. ಸಿರಿಂಜಿನ ತುದಿ ತಾಗಿದರೆ ಅದು ಸರಕ್ಕನೆ ಸಂದಿಯೊಳಗೆ ಸೇರಿಕೊಳ್ಳುತ್ತದೆ. ದಿನಕ್ಕೆ ಮೂರು ನಾಲ್ಕು ಐಪ್ಟೇಸಿಯಾಗಳಿಗೆ ಹಾಕಿದರೆ ಸಾಕು, ಹೆಚ್ಚಾದರೆ ನೀರಿನ ಪಿಎಚ್ ಏರುತ್ತದೆ. ಹವಳಕ್ಕೆ ತಾಗದಿರಲಿ, ಕೈಗವಸು, ಕನ್ನಡಕ ಮರೆಯಬೇಡಿ.

ಸಣ್ಣವನ್ನು ಪೆಪ್ಪರ್‌ಮಿಂಟ್ ಸೀಗಡಿ ತಿನ್ನುತ್ತದೆ. ಆದರೆ ನಮ್ಮೂರಿನ ಏಪ್ರಿಲ್ ಬಿಸಿಲಿನಲ್ಲಿ ಪಾರ್ಸೆಲ್ ತರಿಸಬೇಡಿ, ದಾರಿಯಲ್ಲೇ ನೀರು ಕಾದು ಪಾಪದ ಜೀವ ಹೋಗಬಹುದು. ಮಳೆ ಹಿಡಿಯುವವರೆಗೆ ಸಿರಿಂಜೇ ಇರಲಿ.