ದೊಡ್ಡಾಸ್ಪತ್ರೆ ಬರುವವರೆಗೆ ತಾಲ್ಲೂಕು ಆಸ್ಪತ್ರೆಯ ರಾತ್ರಿಗಳು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಸಾರ್ವಜನಿಕ ಆರೋಗ್ಯ

ಪ್ರಶ್ನೆ: ನಮ್ಮದು ರಾಯಚೂರು ಜಿಲ್ಲೆಯ ಒಂದು ಹಳ್ಳಿ. ಎರಡು ತಿಂಗಳ ಹಿಂದೆ ಮಗಳನ್ನು ಹೆರಿಗೆಗೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ರಾತ್ರಿ ಹನ್ನೊಂದಕ್ಕೆ ‘ಮಗು ಅಡ್ಡ ಇದೆ, ಆಪರೇಷನ್ ಆಗಬೇಕು, ಅರಿವಳಿಕೆ ಡಾಕ್ಟರು ಇಲ್ಲ, ರಾಯಚೂರಿಗೆ ಹೋಗಿ’ ಅಂದರು. 108ರಲ್ಲಿ ಒಂದೂವರೆ ತಾಸಿನ ದಾರಿ. ದೇವರ ದಯೆ, ತಾಯಿ-ಮಗು ಇಬ್ಬರೂ ಉಳಿದರು. ನಮ್ಮೂರ ಹುಡುಗರು ರಾಯಚೂರಿಗೆ ಏಮ್ಸ್ (ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆ) ಬೇಕೆಂಬ ಹೋರಾಟಕ್ಕೆ ಹೋಗಿ ಕೂತು ಬರುತ್ತಾರೆ. ಏಮ್ಸ್ ಬಂದರೆ ಇಂಥದ್ದು ನಿಲ್ಲುತ್ತದೆಯೇ?

ಉತ್ತರ: ಇಬ್ಬರೂ ಉಳಿದರು ಎಂದು ಓದಿ ಸಮಾಧಾನವಾಯಿತು. ಏಮ್ಸ್ ರಾಯಚೂರಿಗೆ ಬರಲೇಬೇಕು. ಆದರೆ ನಿಮ್ಮ ಮಗಳಿಗೆ ಆ ರಾತ್ರಿ ಬೇಕಾಗಿದ್ದದ್ದು ಏಮ್ಸ್ ಅಲ್ಲ, ತಾಲ್ಲೂಕು ಆಸ್ಪತ್ರೆಯಲ್ಲಿ ಎಚ್ಚರವಿದ್ದ ಒಬ್ಬ ಅರಿವಳಿಕೆ ವೈದ್ಯ. ಏಮ್ಸ್ ಬಂದ ಮೇಲೂ ನಿಮ್ಮ ಊರಿನಿಂದ ಆ ಒಂದೂವರೆ ತಾಸು ಹಾಗೆಯೇ ಇರುತ್ತದೆ.

ಹೋರಾಟಕ್ಕೆ ಕೂತವರ ಸಿಟ್ಟು ನ್ಯಾಯವಾದದ್ದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ ಅರ್ಧಕ್ಕಿಂತ ಹೆಚ್ಚು ರಾಯಚೂರೂ ಸೇರಿದ ಆಗಿನ ಗುಲಬರ್ಗಾ ವಿಭಾಗದವು. ರಾಯಚೂರು ಕೇಳಿದ ಐಐಟಿ 2016ರಲ್ಲಿ ಧಾರವಾಡದಲ್ಲಿ ಶುರುವಾಯಿತು. ಅದಕ್ಕೇ 2022ರ ಮೇ 13ರಂದು ಏಮ್ಸ್‌ಗಾಗಿ ಧರಣಿ ಕೂತವರು ಸಾವಿರ ದಿನ ದಾಟಿದರೂ ಎದ್ದಿಲ್ಲ. ಅವರನ್ನು ‘ಸುಮ್ಮನಿರಿ’ ಎನ್ನುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಮಂಜೂರಾದ ಮೇಲೂ ದಾರಿ ಉದ್ದ. ಮದುರೈ ಏಮ್ಸ್‌ಗೆ ಶಂಕುಸ್ಥಾಪನೆಯಾದದ್ದು 2019ರ ಜನವರಿಯಲ್ಲಿ. 2022ರಲ್ಲಿ ಅದರ ಮೊದಲ ವಿದ್ಯಾರ್ಥಿಗಳು ಪಾಠ ಕೇಳಿದ್ದು ರಾಮನಾಥಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ, ಯಾಕೆಂದರೆ ಮದುರೈಯಲ್ಲಿ ಅವರ ಕಟ್ಟಡವೇ ಎದ್ದಿರಲಿಲ್ಲ. ಅಷ್ಟು ವರ್ಷಗಳಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಎಷ್ಟು ಹೆರಿಗೆ ಆಗುತ್ತವೆ, ಎಣಿಸಿ.

ಕಟ್ಟಡ ಎದ್ದರೆ ಸಾಕೇ ಎಂಬುದಕ್ಕೆ ರಾಯಚೂರಿನಲ್ಲೇ ಉದಾಹರಣೆ ಇದೆ. ನೀವೆಲ್ಲ ‘ಓಪೆಕ್ ಆಸ್ಪತ್ರೆ’ ಎನ್ನುವ ರಾಜೀವ್ ಗಾಂಧಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ, ತೈಲ ರಫ್ತು ಮಾಡುವ ದೇಶಗಳ ಓಪೆಕ್ ನಿಧಿಯ ನೆರವಿನಿಂದ ಕಟ್ಟಿದ 350 ಹಾಸಿಗೆಯ ಆಸ್ಪತ್ರೆ. ನಡೆಸಲು ಸರ್ಕಾರ ಅದನ್ನು ಖಾಸಗಿ ಸಂಸ್ಥೆಯೊಂದಕ್ಕೆ ಒಪ್ಪಿಸಿತು, 2012ರಲ್ಲಿ ಆ ಒಪ್ಪಂದ ಮುಗಿದು ವಾಪಸ್ ಬಂತು. ಕಟ್ಟಿದ್ದು ಒಳ್ಳೆಯ ಕಟ್ಟಡ, ತಂದದ್ದು ಒಳ್ಳೆಯ ಯಂತ್ರ. ಅದರೊಳಗೆ ಮೂವತ್ತು ವರ್ಷ ನಿಂತು ಕೆಲಸ ಮಾಡುವ ಹೃದಯ ತಜ್ಞರು, ನರ ತಜ್ಞರು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ಕಟ್ಟುವ ಮೊದಲು ಉತ್ತರ ಹುಡುಕಿರಲಿಲ್ಲ.

ಇನ್ನು ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಬರೋಣ. ಸರ್ಕಾರದ್ದೇ ಮಾನದಂಡದ ಪ್ರಕಾರ ಮೊದಲ ರೆಫರಲ್ ಘಟಕ (ಕೆಳಗಿನ ಕೇಂದ್ರಗಳು ಕಳಿಸಿದ ರೋಗಿಗಳನ್ನು ಮೊದಲು ನೋಡಿಕೊಳ್ಳುವ ಆಸ್ಪತ್ರೆ) ಎನಿಸಿಕೊಳ್ಳಲು ಹಗಲು ರಾತ್ರಿ ಸಿಸೇರಿಯನ್ ಆಗಬೇಕು, ಹುಟ್ಟಿದ ಮಗುವಿಗೆ ತುರ್ತು ಆರೈಕೆ ಸಿಗಬೇಕು, ರಕ್ತ ಸಿಗಬೇಕು. ಅಂದರೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮತ್ತು ಫ್ರಿಜ್ಜಿನಲ್ಲಿ ರಕ್ತ, ಈ ನಾಲ್ಕೂ ಒಂದೇ ರಾತ್ರಿ, ಒಂದೇ ಸೂರಿನಡಿ ಇರಬೇಕು. ಮೂರಿದ್ದು ಒಂದಿಲ್ಲದಿದ್ದರೆ ಆಸ್ಪತ್ರೆಗೆ ಮುಕ್ಕಾಲು ಅಂಕ ಸಿಗುವುದಿಲ್ಲ, ಸೊನ್ನೆ ಸಿಗುತ್ತದೆ. ನಾನು ಸೇವೆಯಲ್ಲಿದ್ದಾಗ ಈ ಭಾಗದ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಬಾಯ್ಲ್ಸ್ ಯಂತ್ರಕ್ಕೆ ಬೆಡ್‌ಶೀಟ್ ಹೊದಿಸಿ ಇಟ್ಟಿದ್ದನ್ನು ನೋಡಿದ್ದೇನೆ. ಧೂಳು ಕೂರಬಾರದು ಎಂದು ಸಿಸ್ಟರ್ ವಾರಕ್ಕೊಮ್ಮೆ ಒರೆಸುತ್ತಿದ್ದರು. ಎರಡು ವರ್ಷದಿಂದ ಅದನ್ನು ಚಾಲೂ ಮಾಡುವವರು ಇರಲಿಲ್ಲ. ಅದೇ ಆವರಣದಲ್ಲಿ ಹೊಸ ಬ್ಲಾಕ್‌ಗೆ ಪಾಯ ತೋಡುತ್ತಿದ್ದರು.

ಕಾಗದದ ಮೇಲೆ ಮೂವರು ತಜ್ಞರಿದ್ದರೂ ರಾತ್ರಿ ಯಾಕೆ ಇರುವುದಿಲ್ಲ? ಒಬ್ಬರೇ ಅರಿವಳಿಕೆ ವೈದ್ಯರು ತಿಂಗಳಿಗೆ ಮೂವತ್ತು ರಾತ್ರಿ ಎದ್ದಿರಲು ಸಾಧ್ಯವಿಲ್ಲ. ಕೋರ್ಟಿಗೆ ಸಾಕ್ಷಿ ಹೇಳಲು ಹೋಗಬೇಕು, ತರಬೇತಿ, ರಜೆ, ಅವರ ಮನೆಯಲ್ಲೂ ಕಾಯಿಲೆ ಕಸಾಲೆ. ನಿಮ್ಮ ಮಗಳನ್ನು ಕಳಿಸಿದ ರಾತ್ರಿ ಆ ವೈದ್ಯರು ತಪ್ಪು ಮಾಡಿದ್ದರು ಎಂದು ನಾನು ಹೇಳಲಾರೆ. ಒಬ್ಬರನ್ನೇ ನೆಚ್ಚಿಕೊಂಡ ವ್ಯವಸ್ಥೆಯ ತಪ್ಪು ಅದು. ಆದ್ದರಿಂದ ನನ್ನ ಖಚಿತ ಅಭಿಪ್ರಾಯ: ಇರುವ ತಜ್ಞರನ್ನು ಸಮುದಾಯ ಆರೋಗ್ಯ ಕೇಂದ್ರಕ್ಕೊಬ್ಬರಂತೆ ಚದುರಿಸಿ ಎಲ್ಲಿಯೂ ಸಾಲದಂತೆ ಮಾಡುವ ಬದಲು, ತಾಲ್ಲೂಕು ಆಸ್ಪತ್ರೆಯಲ್ಲಿ ಪ್ರತಿ ವಿಭಾಗಕ್ಕೂ ಇಬ್ಬರಂತೆ ಕೂಡಿಸಬೇಕು. ಇದಕ್ಕೆ ಹೋಬಳಿ ಊರುಗಳಿಂದ ವಿರೋಧ ಬರುತ್ತದೆ, ‘ನಮ್ಮೂರ ಡಾಕ್ಟರನ್ನು ಕಿತ್ತುಕೊಂಡರು’ ಎನ್ನುತ್ತಾರೆ. ಅವರ ನೋವು ಸುಳ್ಳಲ್ಲ. ಆದರೆ ಅರಿವಳಿಕೆ ವೈದ್ಯರಿಲ್ಲದ ಕಡೆ ಕೂತ ಹೆರಿಗೆ ತಜ್ಞೆ ಆಪರೇಷನ್ ಬೇಕಾದಾಗ ರೆಫರ್ ಚೀಟಿ ಬರೆಯುವುದಲ್ಲದೆ ಬೇರೇನೂ ಮಾಡಲಾರರು. ಆ ಊರುಗಳಿಗೆ ಚೆನ್ನಾಗಿರುವ ಆಂಬುಲೆನ್ಸ್ ಮತ್ತು ಹೊರಡುವ ಮೊದಲೇ ತಾಲ್ಲೂಕು ಆಸ್ಪತ್ರೆಗೆ ಹೋಗುವ ಒಂದು ಫೋನ್ ಕರೆ ಹೆಚ್ಚು ಜೀವ ಉಳಿಸುತ್ತವೆ.

ರಕ್ತದ ವಿಷಯವನ್ನೂ ಹೇಳಬೇಕು. ಹೆರಿಗೆಯ ನಂತರ ವಿಪರೀತ ರಕ್ತ ಹೋಗಲು ಶುರುವಾದರೆ, ಚಿಕಿತ್ಸೆ ಸಿಗದ ತಾಯಿ ಎರಡು ತಾಸಿನಲ್ಲೇ ಕೈಬಿಟ್ಟು ಹೋಗಬಹುದು. ನಿಮ್ಮ ದಾರಿಯೇ ಒಂದೂವರೆ ತಾಸು. ಮೊದಲೇ ಮೈಯಲ್ಲಿ ರಕ್ತ ಕಡಿಮೆ ಇದ್ದವಳಿಗೆ ಅಷ್ಟು ಹೊತ್ತೂ ಇರುವುದಿಲ್ಲ. ತಾಲ್ಲೂಕಿಗೆ ರಕ್ತನಿಧಿಯೇ ಬೇಕೆಂದಿಲ್ಲ. ಜಿಲ್ಲೆಯ ರಕ್ತನಿಧಿಯಿಂದ ತಂದಿಡುವ ರಕ್ತ ಶೇಖರಣಾ ಘಟಕ ಸಾಕು: ಒಂದು ವಿಶೇಷ ಫ್ರಿಜ್, ತರಬೇತಾದ ಒಬ್ಬ ಲ್ಯಾಬ್ ಟೆಕ್ನೀಷಿಯನ್, ನಿಲ್ಲದ ಕರೆಂಟು. ಇದು ಹೊಸ ಬ್ಲಾಕಿನ ಮುಂದೆ ಏನೇನೂ ಅಲ್ಲದ ಖರ್ಚು. ಆದರೆ ಇದಕ್ಕೆ ಉದ್ಘಾಟನೆ ಫಲಕ ಹಾಕಲಾಗುವುದಿಲ್ಲ.

ವೈದ್ಯರು ಈ ಕಡೆ ನಿಲ್ಲುವುದು ಹೇಗೆ ಎಂಬುದಕ್ಕೆ ನಮ್ಮ ಕೈಯಲ್ಲೇ ಒಂದು ಸಾಧನ ಇದೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕ ಎನ್ನುವ ಈ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಇಲ್ಲಿಯ ಮಕ್ಕಳಿಗೆ. ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳ, ಬಳ್ಳಾರಿ, ಈಗ ಯಾದಗಿರಿ, ಎಲ್ಲೆಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಮಾನ್ವಿಯ, ಶಹಾಪುರದ ಮಕ್ಕಳು ಅಲ್ಲಿ ಓದಿ ಡಾಕ್ಟರಾಗುತ್ತಿದ್ದಾರೆ. ಆಮೇಲೆ ಏನು? ತಮಿಳುನಾಡು ಬಹಳ ಕಾಲದಿಂದ ಹಳ್ಳಿಯಲ್ಲಿ ಸೇವೆ ಮಾಡಿದ ಸರ್ಕಾರಿ ವೈದ್ಯರಿಗೆ ಸ್ನಾತಕೋತ್ತರ ಸೀಟಿನಲ್ಲಿ ದೊಡ್ಡ ಪಾಲು ಕಾದಿರಿಸಿಕೊಂಡು ಬಂದಿದೆ. ರಾಜ್ಯಗಳಿಗೆ ಆ ಅಧಿಕಾರ ಇದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದರೆ ಎಂ.ಡಿ. ಸಿಗುತ್ತದೆ, ಎಂ.ಡಿ. ಮುಗಿಸಿ ಮತ್ತೆ ಸರ್ಕಾರಿ ಆಸ್ಪತ್ರೆಗೇ ಬರುತ್ತಾರೆ. ನಮ್ಮಲ್ಲೂ ಸೇವಾನಿರತರಿಗೆ ಕೋಟಾ ಇದೆ. ಅದನ್ನು ಈ ಭಾಗದ ಅರಿವಳಿಕೆ, ಹೆರಿಗೆ, ಮಕ್ಕಳ ವಿಭಾಗಗಳಿಗೆ ಗಟ್ಟಿಯಾಗಿ ಜೋಡಿಸಿದರೆ ಐದಾರು ವರ್ಷದಲ್ಲಿ ಫಲ ಕಾಣುತ್ತದೆ. ಕಡ್ಡಾಯ ಗ್ರಾಮೀಣ ಸೇವೆಗೆ ಕಾನೂನು ಮಾಡಿದ್ದೂ ಆಯಿತು. ಒಂದು ವರ್ಷಕ್ಕೆಂದು ಬಂದವರು ಪೆಟ್ಟಿಗೆ ಬಿಚ್ಚುವುದಿಲ್ಲ. ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಮುಂದೆ ಓದುವ ಭರವಸೆ ಇದ್ದವರು ನಿಲ್ಲುತ್ತಾರೆ.

ಈಗ ನಿಮ್ಮ ಊರ ಹುಡುಗರಿಗೆ ಒಂದು ಮಾತು. ಧರಣಿಗೆ ಹೋಗಲಿ. ಜೊತೆಗೆ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕಳೆದ ಆರು ತಿಂಗಳಲ್ಲಿ ರಾತ್ರಿ ಎಂಟರಿಂದ ಬೆಳಗಿನ ಎಂಟರವರೆಗೆ ಎಷ್ಟು ಸಿಸೇರಿಯನ್ ಆಯಿತು, ಎಷ್ಟು ಗರ್ಭಿಣಿಯರನ್ನು ಮುಂದಕ್ಕೆ ಕಳಿಸಿದರು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಲಿ. ಹೆರಿಗೆ ಕೋಣೆಯ ರಿಜಿಸ್ಟರಿನಲ್ಲಿ ಅದೆಲ್ಲ ಬರೆದಿರುತ್ತದೆ. ಆ ಅಂಕಿ ಹಿಡಿದುಕೊಂಡು ಶಾಸಕರ ಮುಂದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಮುಂದೆ ನಿಂತರೆ ‘ಹೊಸ ಕಟ್ಟಡ ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಹೇಳಲು ಕಷ್ಟವಾಗುತ್ತದೆ.

ಪ್ರಶ್ನೆ: ಯಾದಗಿರಿ ಜಿಲ್ಲೆಯ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಮ್ಮವ್ವನ ಬಿಪಿ ಗುಳಿಗೆ ಆಗಾಗ ಇರುವುದಿಲ್ಲ. ಹೊರಗೆ ತಗೊಳ್ಳಿ ಎಂದು ಚೀಟಿ ಬರೆದುಕೊಡುತ್ತಾರೆ. ಸರ್ಕಾರ ದುಡ್ಡು ಕೊಡುವುದಿಲ್ಲವೇ?

ಉತ್ತರ: ದುಡ್ಡಿನ ಕೊರತೆಗಿಂತ ಇಂಡೆಂಟಿನ ಕೊರತೆ ಹೆಚ್ಚು. ಆರೋಗ್ಯ ಕೇಂದ್ರದಿಂದ ಹೋಗುವ ಈ ಇಂಡೆಂಟು, ಅಂದರೆ ಔಷಧದ ಬೇಡಿಕೆ ಪಟ್ಟಿ, ಎಷ್ಟೋ ಕಡೆ ಹೋದ ವರ್ಷದ ನಕಲು. ಈ ನಡುವೆ ಬಿಪಿ, ಸಕ್ಕರೆ ಕಾಯಿಲೆಯವರು ಹೆಚ್ಚಾಗಿರುತ್ತಾರೆ, ಪಟ್ಟಿ ಹಾಗೇ ಇರುತ್ತದೆ. ತಮಿಳುನಾಡು 1990ರ ದಶಕದ ನಡುವೆ ವೈದ್ಯಕೀಯ ಸರಬರಾಜು ನಿಗಮ ಮಾಡಿ ಪ್ರತಿ ಆಸ್ಪತ್ರೆಗೂ ಒಂದು ಪಾಸ್‌ಬುಕ್ ಕೊಟ್ಟಿತು. ಅದರಲ್ಲಿ ಆ ಆಸ್ಪತ್ರೆಯ ಪಾಲಿನ ಮೊತ್ತ ಬರೆದಿರುತ್ತದೆ, ಜಿಲ್ಲಾ ಉಗ್ರಾಣದಿಂದ ತನಗೆ ಬೇಕಾದ ಔಷಧ ಎತ್ತಿಕೊಂಡಂತೆ ಅದರಲ್ಲಿ ಕಳೆಯುತ್ತಾರೆ. ಬೆಂಗಳೂರಿನಲ್ಲಿ ಕೂತವರು ಕಳಿಸಿದ್ದನ್ನು ಇಟ್ಟುಕೊಳ್ಳುವುದಕ್ಕೂ, ನಮಗೆ ಬೇಕಾದದ್ದನ್ನು ನಾವೇ ಎತ್ತಿಕೊಳ್ಳುವುದಕ್ಕೂ ಬಹಳ ಅಂತರ.

ಸದ್ಯಕ್ಕೆ ನಿಮ್ಮ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿಕೊಳ್ಳಿ. ಗ್ರಾಮ ಪಂಚಾಯ್ತಿಯವರೂ ಇರುತ್ತಾರೆ. ತುರ್ತಿದ್ದಾಗ ಸಮಿತಿಯ ಹಣದಲ್ಲಿ ಸ್ಥಳೀಯವಾಗಿ ಔಷಧ ಕೊಳ್ಳಲು ಅವಕಾಶವಿದೆ. ನಿಮ್ಮವ್ವನ ಹೆಸರು ಅಸಾಂಕ್ರಾಮಿಕ ರೋಗಗಳ (ಬಿಪಿ, ಸಕ್ಕರೆ ಕಾಯಿಲೆಯಂಥವು) ಪಟ್ಟಿಯಲ್ಲಿ ದಾಖಲಾಗಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಅವರ ಗುಳಿಗೆ ಲೆಕ್ಕಕ್ಕೇ ಬರುವುದಿಲ್ಲ. ಒಂದು ಎಚ್ಚರಿಕೆ: ಗುಳಿಗೆ ಸಿಗಲಿಲ್ಲ ಎಂದು ಒಂದು ದಿನವೂ ಬಿಡಬೇಡಿ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಅಗ್ಗಕ್ಕೆ ಸಿಗುತ್ತದೆ.

ಪ್ರಶ್ನೆ: ನಮ್ಮ ತಂದೆಗೆ ಹೃದಯದ ಆಪರೇಷನ್ ಹೇಳಿದ್ದಾರೆ. ಬಿಪಿಎಲ್ ಕಾರ್ಡ್ ಇದೆ. ಖಾಸಗಿ ಆಸ್ಪತ್ರೆಯವರು ಸರ್ಕಾರಿ ಆಸ್ಪತ್ರೆಯ ರೆಫರಲ್ ತನ್ನಿ ಎನ್ನುತ್ತಾರೆ. ಇದು ಯಾಕೆ?

ಉತ್ತರ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನಿಯಮವೇ ಹಾಗಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಮಾತ್ರ ಹೊರಗೆ ಬರೆದುಕೊಡುತ್ತಾರೆ. ತುರ್ತಿದ್ದರೆ ರೆಫರಲ್ ಬೇಡ, ನೇರವಾಗಿ ಯೋಜನೆಗೆ ನೋಂದಾಯಿತ ಆಸ್ಪತ್ರೆಗೆ ಹೋಗಿ. ನಿಮ್ಮ ತಂದೆಯ ವಿಷಯದಲ್ಲಿ ನನ್ನ ಸಲಹೆ, ಮೊದಲು ಕಲಬುರಗಿಯ ಜಯದೇವ ಆಸ್ಪತ್ರೆಗೆ ತೋರಿಸಿ. 371 ಹಾಸಿಗೆಯ ಹೊಸ ಆಸ್ಪತ್ರೆ 2024ರ ಡಿಸೆಂಬರಿನಲ್ಲಿ ಶುರುವಾಗಿದೆ, ಹೃದಯದ ಕಾಯಿಲೆಗೆಂದು ಬೆಂಗಳೂರಿನ ರೈಲು ಹತ್ತುವ ಅಗತ್ಯ ಬಹಳ ಜನರಿಗೆ ಈಗಿಲ್ಲ. ರೇಷನ್ ಕಾರ್ಡ್, ಆಧಾರ್, ಹಿಂದಿನ ಇಸಿಜಿ, ಎಕೋ ವರದಿಗಳ ಮೂಲ ಪ್ರತಿ ಒಯ್ಯಿರಿ. ಯಾರಾದರೂ ದುಡ್ಡು ಕೇಳಿದರೆ ಅಥವಾ ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ 104ಕ್ಕೆ ಕರೆ ಮಾಡಿ.